ಹತ್ತು ವರ್ಷದ ಖರ್ಚಿನ ಯೋಜನೆ ಮಾಡುವವರಿಗೆ: ತೀರ್ಮಾನಕ್ಕೆ ಮುಂಚೆ ಜನರನ್ನು ಕೇಳಿ

ನಗರ ಪಾಲಿಕೆಗಳ ಮಾನ್ಯ ಮೇಯರ್‌ಗಳಿಗೆ, ಸದಸ್ಯರಿಗೆ, ಆಯುಕ್ತರಿಗೆ ಮತ್ತು ಹಣಕಾಸು ವಿಭಾಗದ ಅಧಿಕಾರಿಗಳಿಗೆ,

ನಮಸ್ಕಾರ.

ನಗರದ ಹಣವನ್ನು ಮುಂದಿನ ಹತ್ತು, ಇಪ್ಪತ್ತು ವರ್ಷ ಯಾವುದಕ್ಕೆ ಖರ್ಚು ಮಾಡಬೇಕು ಎಂದು ನೀವು ಯೋಜನೆ ಹಾಕುತ್ತೀರಿ. ಕರಡು ಸಿದ್ಧವಾದ ಮೇಲೆ "ಸಾರ್ವಜನಿಕರಿಂದ ಸಲಹೆ ಮತ್ತು ಆಕ್ಷೇಪಣೆಗಳನ್ನು ಆಹ್ವಾನಿಸಲಾಗಿದೆ" ಎಂದು ಪ್ರಕಟಣೆ ಹೊರಡಿಸುತ್ತೀರಿ. ಆ ಒಂದು ಸಾಲಿನ ಬಗ್ಗೆ ಮಾತನಾಡಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ನಾನು ಹಣಕಾಸು ತಜ್ಞನಲ್ಲ. ತೆರಿಗೆ ಕಟ್ಟುವ, ನಲ್ಲಿ ನೀರು ಕುಡಿಯುವ, ನೀವು ಹಾಕಿದ ರಸ್ತೆಯಲ್ಲಿ ಓಡಾಡುವ ಒಬ್ಬ ನಿವಾಸಿ. ಆ ಸಾಲು ಓದಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ: ನಾವು ಹೇಳಿದ್ದರಿಂದ ಈ ಯೋಜನೆಯಲ್ಲಿ ಏನಾದರೂ ಬದಲಾಗುತ್ತದೆಯೇ?

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ತೀರ್ಮಾನಗಳು ಇನ್ನೂ ಆಗದೇ ಇರುವಾಗ ಜನರನ್ನು ಕೇಳಿ. ಪ್ರತಿಯೊಂದು ಆಯ್ಕೆಗೂ ಎಷ್ಟು ಖರ್ಚು, ಅದನ್ನು ಯಾರು ಎಷ್ಟು ವರ್ಷ ಕಟ್ಟಬೇಕು ಎಂದು ತಿಳಿಸಿ ಕೇಳಿ. ಕೇಳಿದ ಮೇಲೆ, ನಮ್ಮ ಮಾತು ಎಲ್ಲಿ ಸೇರಿತು, ಎಲ್ಲಿ ಸೇರಲಿಲ್ಲ, ಯಾಕೆ ಸೇರಲಿಲ್ಲ ಎಂದು ಬರವಣಿಗೆಯಲ್ಲಿ ಉತ್ತರ ಕೊಡಿ.

ಒಂದು ವರ್ಷದ ಬಜೆಟ್‌ಗೂ ಹತ್ತು ವರ್ಷದ ಯೋಜನೆಗೂ ತುಂಬಾ ವ್ಯತ್ಯಾಸ ಇದೆ. ಈ ವರ್ಷ ಉದ್ಯಾನಕ್ಕೆ ಜಾಸ್ತಿ ಹಣ ಹೋಯಿತು, ಕಸ ವಿಲೇವಾರಿಗೆ ಕಮ್ಮಿ ಆಯಿತು ಎಂದರೆ ಮುಂದಿನ ವರ್ಷ ಸರಿ ಮಾಡಬಹುದು. ದೀರ್ಘಾವಧಿ ಯೋಜನೆಯಲ್ಲಿ ಹಾಗಲ್ಲ. ಅಲ್ಲಿ ಒಮ್ಮೆ ಸಾಲದ ಪತ್ರಕ್ಕೆ, ಗುತ್ತಿಗೆ ಕರಾರಿಗೆ ಸಹಿ ಬಿದ್ದರೆ ಮುಂದೆ ಬರುವ ನಾಲ್ಕೈದು ಪಾಲಿಕೆಗಳ ಕೈ ಕಟ್ಟಿಹೋಗುತ್ತದೆ. ಸಹಿ ಹಾಕಿದವರು ಅಷ್ಟರಲ್ಲಿ ಅಧಿಕಾರದಲ್ಲಿ ಇರುವುದಿಲ್ಲ. ಕಟ್ಟುವ ಜನ ಮಾತ್ರ ಅಲ್ಲೇ ಇರುತ್ತಾರೆ.

ಅಮೆರಿಕದ ಷಿಕಾಗೊ ನಗರದಲ್ಲಿ ನಡೆದದ್ದನ್ನು ನೀವೂ ಕೇಳಿರಬಹುದು. 2008ರ ಡಿಸೆಂಬರ್‌ನಲ್ಲಿ ಅಲ್ಲಿನ ನಗರಾಡಳಿತ ರಸ್ತೆ ಬದಿ ವಾಹನ ನಿಲ್ಲಿಸಲು ಹಣ ವಸೂಲಿ ಮಾಡುವ ತನ್ನ ಸುಮಾರು 36,000 ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಅದಕ್ಕೆ ಸಿಕ್ಕಿದ್ದು ಸುಮಾರು 115 ಕೋಟಿ ಡಾಲರ್. ಪ್ರಸ್ತಾವ ಹೊರಗೆ ಬಂದು ಕೆಲವೇ ದಿನಗಳಲ್ಲಿ ಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟಾಗಿತ್ತು. ಜನ ಹಾಗಿರಲಿ, ಮತ ಹಾಕಿದ ಸದಸ್ಯರಿಗೂ ಕರಾರನ್ನು ಪೂರ್ತಿ ಓದುವಷ್ಟು ಸಮಯ ಇರಲಿಲ್ಲ. ಮರುವರ್ಷ ಆ ನಗರದ್ದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ (ಪೊಲೀಸ್ ಅಲ್ಲ, ನಗರಾಡಳಿತದ ತಪ್ಪುಗಳನ್ನು ತನಿಖೆ ಮಾಡುವ ಕಚೇರಿ) ಲೆಕ್ಕ ಹಾಕಿತು. ಮೀಟರ್‌ಗಳನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದರೆ ನಗರಕ್ಕೆ ಇದ್ದ ಬೆಲೆಗಿಂತ ಕನಿಷ್ಠ 97.4 ಕೋಟಿ ಡಾಲರ್ ಕಡಿಮೆಗೆ ಅವು ಹೋಗಿವೆ ಎಂದು ವರದಿ ಕೊಟ್ಟಿತು. ಬಂದ ಹಣದ ಬಹುಪಾಲು ಕೆಲವೇ ವರ್ಷಗಳಲ್ಲಿ ಬಜೆಟ್ ಕೊರತೆ ತುಂಬಿಸಲು ಖರ್ಚಾಯಿತು. ಕರಾರು ಮಾತ್ರ 2083ರ ತನಕ ಇರುತ್ತದೆ. ಇಂದು ಆ ನಗರ ತನ್ನದೇ ರಸ್ತೆಯಲ್ಲಿ ಮೀಟರ್ ಇರುವ ಜಾಗವನ್ನು ಬೇರೆ ಉಪಯೋಗಕ್ಕೆ ತೆಗೆದುಕೊಂಡರೆ, ಅದರಿಂದ ತಪ್ಪಿದ ಆದಾಯವನ್ನು ಆ ಕಂಪನಿಗೆ ತುಂಬಿಕೊಡಬೇಕು.

75 ವರ್ಷ ಎಂದರೆ ಮೂರು ತಲೆಮಾರು. ಅಷ್ಟು ದೊಡ್ಡ ಕಾಲದ ತೀರ್ಮಾನಕ್ಕೆ ಒಂದು ವಾರವನ್ನೂ ಕೊಡಲಿಲ್ಲ. ಜನರಿಗೆ ಎರಡು ತಿಂಗಳು ಸಮಯ ಸಿಕ್ಕಿದ್ದರೆ ಯಾರೋ ಒಬ್ಬರು ಲೆಕ್ಕ ಮಾಡಿ "ಇದು ಬಹಳ ಕಮ್ಮಿ ಆಯಿತು" ಎಂದು ಹೇಳುತ್ತಿದ್ದರು. ಅಷ್ಟು ದೊಡ್ಡ ನಗರದಲ್ಲಿ ಲೆಕ್ಕ ಬಲ್ಲವರಿಗೆ ಬರವೇ?

ಇನ್ನೊಂದು ನಗರ ಕೆನಡಾದ ಮಾಂಟ್ರಿಯಲ್. 1976ರಲ್ಲಿ ಅಲ್ಲಿ ಒಲಿಂಪಿಕ್ಸ್ ನಡೆಯಿತು. ಕ್ರೀಡಾಕೂಟ ಮುಗಿದದ್ದು ಎರಡು ವಾರದಲ್ಲಿ. ಅದರ ಸಾಲ ತೀರಿದ್ದು 2006ರಲ್ಲಿ. ಒಲಿಂಪಿಕ್ಸ್ ನಡೆದ ವರ್ಷ ಹುಟ್ಟಿದ ಮಗುವಿಗೆ ಆ ಹೊತ್ತಿಗೆ 30 ವರ್ಷ ಆಗಿತ್ತು. ಆ ಮಗು ಓಟವನ್ನೂ ನೋಡಲಿಲ್ಲ, ಒಪ್ಪಿಗೆಯನ್ನೂ ಕೊಡಲಿಲ್ಲ, ಸಾಲದ ಭಾರ ಹೊರುವುದು ಮಾತ್ರ ತಪ್ಪಲಿಲ್ಲ.

ಸಾಲವೇ ಬೇಡ ಎಂದು ನಾನು ಹೇಳುತ್ತಿಲ್ಲ. ಐವತ್ತು ವರ್ಷ ಬಾಳುವ ನೀರಿನ ಘಟಕದ ಪೂರ್ತಿ ಖರ್ಚನ್ನು ಈ ವರ್ಷ ತೆರಿಗೆ ಕಟ್ಟುವವರೇ ಹೊರಬೇಕು ಎನ್ನುವುದು ನ್ಯಾಯ ಅಲ್ಲ. ಮುಂದೆ ಅದನ್ನು ಬಳಸುವವರೂ ಪಾಲು ಕೊಡಲಿ. ಸಾಲ ಅದಕ್ಕಾಗಿಯೇ ಇರುವುದು. ಆದರೆ ಸಾಲದ ನಿಜವಾದ ಬೆಲೆಯನ್ನು ಕರಡಿನಲ್ಲಿ ಜನರಿಗೆ ಕಾಣುವ ಹಾಗೆ ಬರೆಯಿರಿ. 100 ಕೋಟಿ ಸಾಲವನ್ನು ಶೇ 8ರ ಬಡ್ಡಿಗೆ ತೆಗೆದು 20 ವರ್ಷ ಸಮ ವಾರ್ಷಿಕ ಕಂತುಗಳಲ್ಲಿ ತೀರಿಸಿದರೆ ಒಟ್ಟು ಕಟ್ಟುವುದು ಸುಮಾರು 204 ಕೋಟಿ. ಕರಡಿನಲ್ಲಿ "100 ಕೋಟಿ ವೆಚ್ಚದ ಯೋಜನೆ" ಎಂದು ಮಾತ್ರ ಇದ್ದರೆ ಓದುವವರಿಗೆ ಅರ್ಧ ವಿಷಯ ಮಾತ್ರ ತಿಳಿಯುತ್ತದೆ. ಅರ್ಧ ತಿಳಿದವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಹೇಗೆ ಕರೆಯುವುದು?

ಹಾಗೆಯೇ ಕಟ್ಟುವ ಖರ್ಚು ಬೇರೆ, ನಡೆಸುವ ಖರ್ಚು ಬೇರೆ. ಒಂದು ಗ್ರಂಥಾಲಯ ಕಟ್ಟಿದ ಮೇಲೆ ಅದಕ್ಕೆ ಪ್ರತಿ ವರ್ಷ ಸಿಬ್ಬಂದಿ ಬೇಕು, ವಿದ್ಯುತ್ ಬೇಕು, ಪುಸ್ತಕ ಬೇಕು, ಸುಣ್ಣ ಬಣ್ಣ ಬೇಕು. ಈಜುಕೊಳ ಆದರೆ ಇನ್ನೂ ಜಾಸ್ತಿ. ಯೋಜನೆಯಲ್ಲಿ ಕಟ್ಟಡದ ಮೊತ್ತ ದಪ್ಪ ಅಕ್ಷರದಲ್ಲಿ ಇರುತ್ತದೆ. ನಡೆಸುವ ಖರ್ಚು ಎಲ್ಲೋ ಕೊನೆಯ ಅನುಬಂಧದಲ್ಲಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಜನ ಕೊಡುವ ಉತ್ತರವೇ ಬೇರೆ ಆಗುತ್ತದೆ.

ಈಗ ಕೇಳುವ ಸಮಯದ ವಿಷಯಕ್ಕೆ ಬರುತ್ತೇನೆ. ನನ್ನ ಪತ್ರದ ತಿರುಳು ಇಲ್ಲೇ ಇದೆ.

1985ರಲ್ಲಿ ಲಂಡನ್ನಿನ ಬ್ರೆಂಟ್ ಎಂಬ ಸ್ಥಳೀಯ ಆಡಳಿತದ ವಿರುದ್ಧ ಶಾಲೆಗಳನ್ನು ಮುಚ್ಚುವ ವಿಚಾರದಲ್ಲಿ ಒಂದು ಮೊಕದ್ದಮೆ ನಡೆಯಿತು. ಅದನ್ನು ಗನ್ನಿಂಗ್ ಮೊಕದ್ದಮೆ ಎಂದು ಕರೆಯುತ್ತಾರೆ. ಜನಾಭಿಪ್ರಾಯ ಕೇಳುವುದು ಎಂದರೆ ಏನು ಎಂಬುದಕ್ಕೆ ಅಲ್ಲಿ ನಾಲ್ಕು ಮಾತು ಸ್ಪಷ್ಟವಾದವು. ಪ್ರಸ್ತಾವ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು. ಜನ ಯೋಚಿಸಿ ಉತ್ತರ ಕೊಡಲು ಬೇಕಾದಷ್ಟು ಕಾರಣ, ಮಾಹಿತಿ ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಅಭಿಪ್ರಾಯವನ್ನು ಕೊನೆಯ ತೀರ್ಮಾನ ಮಾಡುವಾಗ ಮನಸ್ಸಿಟ್ಟು ಪರಿಗಣಿಸಬೇಕು. ಆಮೇಲೆ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಈ ನಾಲ್ಕನ್ನೂ ಎತ್ತಿ ಹಿಡಿಯಿತು.

ಸುಪ್ರೀಂ ಕೋರ್ಟ್ ಅದನ್ನು ಹೇಳಿದ ಮೊಕದ್ದಮೆಯಂತೂ ನೇರವಾಗಿ ಹಣದ ವಿಷಯದ್ದೇ. ಲಂಡನ್ನಿನ ಹ್ಯಾರಿಂಗೆ ಎಂಬ ಕಡೆ, ಬಡವರಿಗೆ ಸ್ಥಳೀಯ ತೆರಿಗೆಯಲ್ಲಿ ಕೊಡುವ ವಿನಾಯಿತಿಗೆ ಕೇಂದ್ರ ಸರ್ಕಾರದಿಂದ ಬರುವ ಹಣ ಕಡಿಮೆಯಾಯಿತು. ಆ ಕೊರತೆಯನ್ನು ವಿನಾಯಿತಿ ಪಡೆಯುವವರ ಮೇಲೆಯೇ ಹಾಕುವ ಯೋಜನೆ ಮಾಡಿ ಆಡಳಿತ ಜನರ ಅಭಿಪ್ರಾಯ ಕೇಳಿತು. ಬೇರೆ ದಾರಿಗಳೂ ಇದ್ದವು. ಎಲ್ಲರ ತೆರಿಗೆ ಸ್ವಲ್ಪ ಏರಿಸಬಹುದಿತ್ತು, ಕೂಡಿಟ್ಟ ನಿಧಿ ಬಳಸಬಹುದಿತ್ತು, ಬೇರೆ ಖರ್ಚು ಕಡಿಮೆ ಮಾಡಬಹುದಿತ್ತು. ಜನರ ಕೈಗೆ ಕೊಟ್ಟ ಕಾಗದದಲ್ಲಿ ಈ ದಾರಿಗಳ ಬಗ್ಗೆ ಸರಿಯಾದ ವಿವರಣೆಯೇ ಇರಲಿಲ್ಲ. ಬೇರೆ ದಾರಿಯೇ ಇಲ್ಲ ಎನ್ನುವ ಭಾವನೆ ಬರುವ ಹಾಗೆ ಅದನ್ನು ಬರೆದಿದ್ದರು. ಹೀಗೆ ಅಭಿಪ್ರಾಯ ಕೇಳಿದ್ದು ಕಾನೂನಿಗೆ ವಿರುದ್ಧ ಎಂದು 2014ರಲ್ಲಿ ಕೋರ್ಟ್ ಹೇಳಿತು.

ಈ ತೀರ್ಪು ಎಲ್ಲ ದೇಶಗಳಿಗೂ ಅನ್ವಯ ಆಗುವುದಿಲ್ಲ, ನಿಜ. ಆದರೆ ಅದರಲ್ಲಿ ಇರುವ ನ್ಯಾಯ ಎಲ್ಲ ಊರಿಗೂ ಒಂದೇ ಅಲ್ವಾ? ಟೆಂಡರ್ ಕರೆದ ಮೇಲೆ, ಸಾಲಕ್ಕೆ ಮಾತುಕತೆ ಮುಗಿದ ಮೇಲೆ, ಶಂಕುಸ್ಥಾಪನೆಯ ದಿನಾಂಕ ನಿಗದಿಯಾದ ಮೇಲೆ ನಮ್ಮನ್ನು ಕರೆದು "ನಿಮ್ಮ ಸಲಹೆ ಏನು" ಎಂದರೆ ನಾವು ಏನು ಹೇಳಬೇಕು? ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗುತ್ತದೆ. ಜನ ಒಮ್ಮೆ ಹೀಗೆ ಮೋಸ ಹೋದರೆ ಎರಡನೇ ಸಲ ಬರುವುದಿಲ್ಲ. ಆಗ ನೀವು "ಸಭೆ ಕರೆದರೆ ಜನರೇ ಬರಲ್ಲ" ಎನ್ನುತ್ತೀರಿ. ಬರದೇ ಇರುವುದಕ್ಕೆ ಕಾರಣ ಉದಾಸೀನ ಅಲ್ಲ. ಬಂದರೂ ಏನೂ ಆಗದ ಅನುಭವ.

ಕೇಳುವ ರೀತಿಯೂ ಅಷ್ಟೇ ಮುಖ್ಯ. "ನಿಮಗೆ ಒಳ್ಳೆಯ ರಸ್ತೆ ಬೇಕೇ? ಹೌದು, ಇಲ್ಲ" ಎಂಬಂಥ ಪ್ರಶ್ನೆಗಳ ಫಾರಂಗಳನ್ನು ದಯವಿಟ್ಟು ನಿಲ್ಲಿಸಿ. ಯಾರು ಇಲ್ಲ ಎನ್ನುತ್ತಾರೆ? ಆಮೇಲೆ "ಶೇಕಡಾ ತೊಂಬತ್ತು ಜನ ನಮ್ಮ ರಸ್ತೆ ಯೋಜನೆಯನ್ನು ಬೆಂಬಲಿಸಿದ್ದಾರೆ" ಎಂದು ವರದಿ ಬರೆಯಲು ಮಾತ್ರ ಅಂಥ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. ಈ ಹಣದಲ್ಲಿ ಹಳೆಯ ರಸ್ತೆಗಳನ್ನೆಲ್ಲ ಸರಿಯಾಗಿ ಇಟ್ಟುಕೊಳ್ಳೋಣವೇ, ಅಥವಾ ಒಂದು ಹೊಸ ಮೇಲ್ಸೇತುವೆ ಕಟ್ಟೋಣವೇ? ಮೇಲ್ಸೇತುವೆ ಕಟ್ಟಿದರೆ ಹತ್ತು ವರ್ಷ ಯಾವ ಯಾವ ರಸ್ತೆಗೆ ಡಾಂಬರು ಬೀಳುವುದಿಲ್ಲ? ಎರಡೂ ಬೇಕು ಎಂದರೆ ಒಂದು ಮನೆಗೆ ವರ್ಷಕ್ಕೆ ಎಷ್ಟು ತೆರಿಗೆ ಏರುತ್ತದೆ? ಹೀಗೆ ಕೇಳಿದರೆ ಉತ್ತರ ಕೊಡುವವರು ಕಷ್ಟಪಟ್ಟು ಯೋಚಿಸುತ್ತಾರೆ. ಯೋಚಿಸಿ ಕೊಟ್ಟ ಉತ್ತರದಿಂದ ನಿಮಗೂ ಉಪಯೋಗ ಇದೆ.

ನ್ಯೂಜಿಲೆಂಡಿನಲ್ಲಿ ಇದಕ್ಕೆ ಕಾನೂನೇ ಇದೆ. 2002ರ ಸ್ಥಳೀಯ ಆಡಳಿತ ಕಾಯ್ದೆಯ ಪ್ರಕಾರ ಅಲ್ಲಿನ ಆಡಳಿತಗಳು ಕನಿಷ್ಠ ಹತ್ತು ವರ್ಷದ ಯೋಜನೆ ಮಾಡಬೇಕು, ಮೂರು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಬರೆಯಬೇಕು. ರಸ್ತೆಯಂಥ ಮೂಲ ಸೌಕರ್ಯಗಳಿಗೆ 30 ವರ್ಷ ಮುಂದೆ ನೋಡುವ ಕಾರ್ಯತಂತ್ರವೂ ಜೊತೆಗೆ ಇರಬೇಕು. ಜನರ ಮುಂದೆ ಇಡಲು ಪ್ರತ್ಯೇಕ ಸಮಾಲೋಚನಾ ದಾಖಲೆ ತಯಾರಿಸಬೇಕು. ಅದರಲ್ಲಿ ಮುಖ್ಯ ವಿಷಯಗಳು, ಪ್ರತಿ ವಿಷಯಕ್ಕೂ ಇರುವ ಆಯ್ಕೆಗಳು, ತೆರಿಗೆ ಮತ್ತು ಸಾಲದ ಮೇಲೆ ಆಗುವ ಪರಿಣಾಮ ಎಲ್ಲ ಇರಬೇಕು. ಆ ದಾಖಲೆಯನ್ನು ಲೆಕ್ಕಪರಿಶೋಧಕರು ನೋಡಿ ಅಭಿಪ್ರಾಯ ಬರೆಯುತ್ತಾರೆ. ಜನರಿಗೆ ಕನಿಷ್ಠ ಒಂದು ತಿಂಗಳು ಸಮಯ. ಬರೆದು ಕೊಟ್ಟವರು ಬಯಸಿದರೆ ಸದಸ್ಯರ ಮುಂದೆ ಬಂದು ಮಾತನಾಡಲೂ ಅವಕಾಶ.

ಜನರ ಕೈಗೆ ಕೊಡುವ ದಾಖಲೆಗೂ ಆಡಿಟ್ ಆಗುತ್ತದೆ ಎನ್ನುವುದು ನನಗೆ ಬಹಳ ಹಿಡಿಸಿದ ವಿಷಯ. ಖರ್ಚಾದ ಹಣಕ್ಕೆ ಆಡಿಟ್ ಎಲ್ಲ ಕಡೆ ಇದೆ. ಖರ್ಚಾಗುವ ಮುಂಚೆ ಜನರಿಗೆ ಹೇಳಿದ್ದು ಸರಿಯಾಗಿದೆಯೇ ಎಂದು ನೋಡುವುದು ಅದಕ್ಕಿಂತ ದೊಡ್ಡ ಕಾವಲು.

ಆದರೆ ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿ ಹೋಗುವುದಿಲ್ಲ. ಅದೇ ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್ ಎಂಬ ಊರಿನಲ್ಲಿ 2016ರ ಆಗಸ್ಟ್‌ನಲ್ಲಿ ಜೋರು ಮಳೆಯಾಗಿ, ಕುರಿಗಳ ಹಿಕ್ಕೆ ಸೇರಿದ ನೀರು ಕುಡಿಯುವ ನೀರಿನ ಕೊಳವೆಬಾವಿಗೆ ಇಳಿಯಿತು. ಸುಮಾರು 14,000 ಜನ ಇದ್ದ ಊರಿನಲ್ಲಿ 5,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಆಮೇಲೆ ನಡೆದ ವಿಚಾರಣೆಯಲ್ಲಿ ನೆಲಮಟ್ಟಕ್ಕಿಂತ ಕೆಳಗಿದ್ದ ಕೊಳವೆಬಾವಿಯ ಬಾಯಿಯ ನಿರ್ವಹಣೆ ಸೇರಿ ಹಲವು ಲೋಪಗಳು ಹೊರಗೆ ಬಂದವು. ಕಣ್ಣಿಗೆ ಕಾಣದ ಜಾಗ. ದಿನವೂ ಅದರ ಮೇಲೆಯೇ ಓಡಾಡಿದರೂ ಯಾರಿಗೂ ಅದರ ನೆನಪಿಲ್ಲ.

ದೀರ್ಘಾವಧಿ ಯೋಜನೆಯಲ್ಲಿ ನಿಜವಾಗಿ ದೊಡ್ಡ ಹಣ ಹೋಗಬೇಕಾದದ್ದು ಇಂಥ ಕಡೆಗೇ. ನೀರಿನ ಪೈಪು, ಒಳಚರಂಡಿ, ಮಳೆನೀರು ಕಾಲುವೆ, ಪಂಪ್‌ಹೌಸ್, ಸೇತುವೆಯ ಅಡಿಪಾಯ. ಇವುಗಳ ದುರಸ್ತಿಗೆ ಉದ್ಘಾಟನೆ ಇರುವುದಿಲ್ಲ, ಫಲಕ ಇರುವುದಿಲ್ಲ, ಫೋಟೊ ಬರುವುದಿಲ್ಲ. ಆದ್ದರಿಂದ ಹಣ ಸಾಲದೇ ಬಂದಾಗ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೆ. ಈ ವರ್ಷ ಬಿಟ್ಟರೆ ಏನೂ ಆಗುವುದಿಲ್ಲ. ಮುಂದಿನ ವರ್ಷ ಬಿಟ್ಟರೂ ಏನೂ ಆಗುವುದಿಲ್ಲ. ಹಾಗೆ ಬಿಡುತ್ತಾ ಬಂದದ್ದೆಲ್ಲ ಒಂದು ದಿನ ಒಟ್ಟಿಗೆ ಒಡೆಯುತ್ತದೆ. ಬ್ಯಾಂಕಿನ ಸಾಲ ಆದರೆ ಪುಸ್ತಕದಲ್ಲಿ ಕಾಣುತ್ತದೆ. ಮಾಡದೆ ಬಿಟ್ಟ ದುರಸ್ತಿಯೂ ಸಾಲವೇ, ಆದರೆ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಆದ್ದರಿಂದ ಅಭಿಪ್ರಾಯ ಕೇಳುವ ಕರಡಿನ ಮೊದಲ ಪುಟಗಳಲ್ಲೇ ಇದನ್ನು ಇಡಿ: ನಗರದ ಬಳಿ ಎಷ್ಟು ಕಿಲೋಮೀಟರ್ ಪೈಪು ಇದೆ, ಅದರಲ್ಲಿ ಎಷ್ಟಕ್ಕೆ ಆಯಸ್ಸು ಮುಗಿದಿದೆ, ವರ್ಷಕ್ಕೆ ಎಷ್ಟು ಬದಲಾಯಿಸುತ್ತಿದ್ದೇವೆ, ಈ ವೇಗದಲ್ಲಿ ಹೋದರೆ ಪೂರ್ತಿ ಬದಲಾಗಲು ಎಷ್ಟು ವರ್ಷ ಬೇಕು. ಪೈಪಿನ ಆಯಸ್ಸು 80 ವರ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇ 0.5ರಷ್ಟು ಮಾತ್ರ ಬದಲಾಯಿಸುತ್ತಿದ್ದರೆ ಒಂದು ಸುತ್ತು ಮುಗಿಯಲು 200 ವರ್ಷ ಬೇಕು. ಲೆಕ್ಕ ಕಲಿಯುವ ಮಗುವಿಗೂ ಅರ್ಥ ಆಗುವ ಮಾತು ಇದು. ಇದನ್ನು ನಮಗೆ ಹೇಳಿ. ಹೇಳಿದರೆ ನಾವೇ ನಿಮ್ಮ ಪರವಾಗಿ ನಿಂತು "ಮೊದಲು ಪೈಪು, ಆಮೇಲೆ ಕಾರಂಜಿ" ಎನ್ನುತ್ತೇವೆ.

ಜನರ ದೂರು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಹಣಕಾಸಿನ ಮುಗ್ಗಟ್ಟು ಬಂದಿದ್ದ ಆ ನಗರವನ್ನು ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಾಧಿಕಾರಿ ನಡೆಸುತ್ತಿದ್ದರು. ಖರ್ಚು ಉಳಿಸಲು 2014ರ ಏಪ್ರಿಲ್‌ನಲ್ಲಿ ನೀರಿನ ಮೂಲವನ್ನೇ ಬದಲಾಯಿಸಿ ಫ್ಲಿಂಟ್ ನದಿಯ ನೀರು ಕೊಡಲು ಶುರು ಮಾಡಿದರು. ಪೈಪು ಸವೆಯದಂತೆ ತಡೆಯುವ ಸಂಸ್ಕರಣೆಯನ್ನು ಮಾಡಲಿಲ್ಲ. ಹಳೆಯ ಪೈಪುಗಳಲ್ಲಿದ್ದ ಸೀಸ ನೀರಿಗೆ ಇಳಿಯಿತು. ನೀರಿನ ಬಣ್ಣ ಸರಿಯಿಲ್ಲ, ವಾಸನೆ ಬರುತ್ತಿದೆ, ಮೈಮೇಲೆ ಗುಳ್ಳೆ ಏಳುತ್ತಿದೆ ಎಂದು ಜನ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದು ತೋರಿಸಿದರು. ನೀರು ಸುರಕ್ಷಿತ ಎಂಬ ಉತ್ತರವೇ ತಿಂಗಳುಗಟ್ಟಲೆ ಬರುತ್ತಾ ಹೋಯಿತು. ಹಳೆಯ ಮೂಲಕ್ಕೆ ಮರಳಿದ್ದು 2015ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಸಾವಿರಾರು ಮಕ್ಕಳು ಆ ನೀರು ಕುಡಿದಾಗಿತ್ತು. ಉಳಿಸಲು ಹೊರಟ ಹಣಕ್ಕಿಂತ ಎಷ್ಟೋ ಪಟ್ಟು ಆಮೇಲೆ ಪೈಪು ಬದಲಾಯಿಸಲು, ಪರಿಹಾರ ಕೊಡಲು ಖರ್ಚಾಯಿತು.

ಅಲ್ಲಿನ ಜನ ತಜ್ಞರಾಗಿರಲಿಲ್ಲ. ತಜ್ಞರಿಗಿಂತ ಮುಂಚೆ ಅವರಿಗೆ ಗೊತ್ತಾಗಿತ್ತು, ಅಷ್ಟೇ. ನಲ್ಲಿ ತಿರುಗಿಸಿದವರು ಅವರು. ಜನಾಭಿಪ್ರಾಯ ಅಂದರೆ ಬರೀ ಆಸೆಗಳ ಪಟ್ಟಿ ಅಲ್ಲ. ನಗರದಲ್ಲಿ ಎಲ್ಲಿ ಏನು ಕೆಟ್ಟಿದೆ ಎಂದು ಮೊದಲು ತಿಳಿಸುವ ಸುದ್ದಿಯೂ ಹೌದು. ಅದನ್ನು ಕಳೆದುಕೊಂಡರೆ ನಷ್ಟ ನಿಮಗೇ.

ಅಂದಾಜು ಮೊತ್ತಗಳ ಬಗ್ಗೆ ಒಂದು ಮಾತು. ಡೆನ್ಮಾರ್ಕಿನ ಸಂಶೋಧಕರು 20 ದೇಶಗಳ 258 ಸಾರಿಗೆ ಯೋಜನೆಗಳನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಯೋಜನೆಗಳು ಅಂದಾಜು ಮೀರಿದ್ದವು. ರೈಲು ಯೋಜನೆಗಳು ಸರಾಸರಿ ಶೇ 45ರಷ್ಟು, ರಸ್ತೆಗಳು ಶೇ 20ರಷ್ಟು ಜಾಸ್ತಿ ಆಗಿದ್ದವು. ಹಾಗಿರುವಾಗ ಕರಡಿನಲ್ಲಿ ಒಂದೇ ಒಂದು ಅಂಕಿ ಬರೆದು ಅದೇ ಕೊನೆಯ ಮಾತು ಎಂಬಂತೆ ತೋರಿಸುವುದು ಸರಿಯಲ್ಲ. ಕಮ್ಮಿ ಎಂದರೆ ಇಷ್ಟು, ಜಾಸ್ತಿ ಎಂದರೆ ಇಷ್ಟು ಎಂದು ಎರಡೂ ಬರೆಯಿರಿ. ಬೆಲೆ ಏರಿಕೆಯನ್ನೂ ಸೇರಿಸಿ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಇಂದು 100 ಬೀಳುವ ಕೆಲಸಕ್ಕೆ ಹತ್ತು ವರ್ಷದ ನಂತರ ಸುಮಾರು 163 ಬೇಕು.

"ಇದೆಲ್ಲ ಜನರಿಗೆ ಅರ್ಥ ಆಗಲ್ಲ, ಕೇಳಿದರೆ ತೆರಿಗೆ ಬೇಡ, ಸೌಕರ್ಯ ಬೇಕು ಅಂತಾರೆ ಅಷ್ಟೇ" ಎಂದು ಹೇಳುವ ಅಧಿಕಾರಿಗಳಿದ್ದಾರೆ. ಅವರಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಅನುಭವವನ್ನು ತೋರಿಸಬೇಕು ಅನಿಸುತ್ತದೆ. 2014ರಲ್ಲಿ ಅಲ್ಲಿನ ನಗರಾಡಳಿತ ತನ್ನ ಹತ್ತು ವರ್ಷದ ಹಣಕಾಸು ಯೋಜನೆಗಾಗಿ ನಿವಾಸಿಗಳು, ವ್ಯಾಪಾರಸ್ಥರು, ವಿದ್ಯಾರ್ಥಿಗಳು ಸೇರಿದ 43 ಜನರ ತಂಡ ಮಾಡಿತು. ಎಲ್ಲ ಬಗೆಯ ಜನರೂ ಬರುವಂತೆ ಚೀಟಿ ಎತ್ತಿದ ಹಾಗೆ ಆರಿಸಿದ ತಂಡ. ಅವರಿಗೆ ಲೆಕ್ಕಪತ್ರಗಳನ್ನು ತೆರೆದು ತೋರಿಸಿತು. ಅಧಿಕಾರಿಗಳನ್ನು ಪ್ರಶ್ನೆ ಕೇಳಲು ಬಿಟ್ಟಿತು. ತಿಂಗಳುಗಳ ಕಾಲ ಕೂತು ಓದಿ, ವಾದ ಮಾಡಿ, ಅವರು ಮಂಡಳಿಗೆ ವರದಿ ಕೊಟ್ಟರು. ಬೇಕಾದ್ದಕ್ಕೆ ತೆರಿಗೆ ಏರಿಸಿ ಎಂದು ಹೇಳಲೂ ಅವರು ಹಿಂಜರಿಯಲಿಲ್ಲ. ಸಾಮಾನ್ಯ ಜನ, ಪೂರ್ತಿ ಲೆಕ್ಕ ನೋಡಿದ ಮೇಲೆ, ತಮ್ಮ ಮೇಲಿನ ತೆರಿಗೆಯನ್ನೇ ಏರಿಸಲು ಒಪ್ಪಿದರು! ಆಮೇಲೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ 2020ರಲ್ಲಿ ಹೊಸ ಕಾಯ್ದೆ ತಂದಾಗ, ಹತ್ತು ವರ್ಷದ ಹಣಕಾಸು ಯೋಜನೆಗೆ ಇಂಥ ಆಳವಾದ ಚರ್ಚೆ ಕಡ್ಡಾಯ ಎಂದು ಎಲ್ಲ ನಗರಗಳಿಗೂ ನಿಯಮ ಮಾಡಿತು.

ಇನ್ನು ಬಡವರ ದನಿಯ ವಿಷಯಕ್ಕೆ ಬಂದರೆ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯ ಹೆಸರು ಹೇಳದೆ ಇರಲು ಆಗುವುದಿಲ್ಲ. 1989ರಲ್ಲಿ ಅಲ್ಲಿ ಶುರುವಾದ ಪದ್ಧತಿಯಲ್ಲಿ ನಗರದ ಬೇರೆ ಬೇರೆ ಭಾಗಗಳ ಜನ ಪ್ರತಿ ವರ್ಷ ಸಭೆ ಸೇರಿ ಯಾವ ಕೆಲಸ ಮೊದಲು ಆಗಬೇಕು ಎಂದು ತಾವೇ ತೀರ್ಮಾನಿಸುತ್ತಿದ್ದರು. ಹಣ ಹಂಚುವಾಗ ಬರೀ ಕೂಗಿನ ಜೋರು ನೋಡುತ್ತಿರಲಿಲ್ಲ. ಎಷ್ಟು ಜನ ಇದ್ದಾರೆ, ಆ ಸೌಕರ್ಯ ಅಲ್ಲಿ ಎಷ್ಟು ಕೊರತೆ ಇದೆ, ಜನ ಯಾವುದಕ್ಕೆ ಆದ್ಯತೆ ಕೊಟ್ಟಿದ್ದಾರೆ, ಈ ಮೂರಕ್ಕೂ ಅಂಕ ಇತ್ತು. ಕೊರತೆ ಜಾಸ್ತಿ ಇದ್ದ ಕಡೆಗೆ ಹಣ ಜಾಸ್ತಿ ಹೋಯಿತು. ನೀರು ಮತ್ತು ಒಳಚರಂಡಿ ಸಂಪರ್ಕ ಇದ್ದ ಮನೆಗಳು 1988ರಲ್ಲಿ ಶೇ 75ರಷ್ಟು ಇದ್ದದ್ದು 1997ರ ಹೊತ್ತಿಗೆ ಶೇ 98ಕ್ಕೆ ಏರಿತು ಎಂದು ವಿಶ್ವಬ್ಯಾಂಕ್ ದಾಖಲಿಸಿದೆ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಜನ ತಾವಾಗಿ ಮೊದಲು ಕೇಳಿದ್ದು ನೀರು, ಚರಂಡಿ, ರಸ್ತೆ. ಅಧಿಕಾರ ಬದಲಾಗುತ್ತಾ ಅಲ್ಲಿ ಈ ಪದ್ಧತಿ ಬಡವಾಯಿತು, 2017ರಲ್ಲಿ ಅದನ್ನು ತಡೆಹಿಡಿದರು. ಆಳುವವರ ಮನಸ್ಸಿನ ಮೇಲೆ ನಿಂತ ಪದ್ಧತಿ ಆ ಮನಸ್ಸು ಬದಲಾದರೆ ಉಳಿಯುವುದಿಲ್ಲ. ಆದ್ದರಿಂದ ನಿಯಮಾವಳಿಯಲ್ಲೇ ಇದನ್ನು ಬರೆದಿಡಿ ಎಂದು ಕೇಳುತ್ತಿದ್ದೇನೆ.

ಈ ಪದ್ಧತಿ ಆಮೇಲೆ ಸಾವಿರಾರು ನಗರಗಳಿಗೆ ಹರಡಿತು. ಪುಣೆಯಲ್ಲಿ 2006ರಿಂದ ವಾರ್ಡ್ ಮಟ್ಟದ ಸಣ್ಣ ಕೆಲಸಗಳಿಗೆ ಜನರಿಂದ ಸಲಹೆ ತೆಗೆದುಕೊಂಡರು. ಪ್ಯಾರಿಸ್ 2014ರಲ್ಲಿ ತನ್ನ ಹೂಡಿಕೆ ಬಜೆಟ್‌ನ ಶೇ 5ರಷ್ಟನ್ನು ಜನರ ಮತಕ್ಕೆ ಬಿಟ್ಟಿತು. ಒಳ್ಳೆಯದೇ. ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬೆಂಚು, ಗಿಡ, ಆಟದ ಮೈದಾನಕ್ಕೆ ಜನರನ್ನು ಕೇಳಿ, ಉಳಿದ ಶೇ 95ರ ಬಗ್ಗೆ ಬಾಗಿಲು ಹಾಕಿಕೊಂಡು ತೀರ್ಮಾನ ಮಾಡಿದರೆ ಕೇಳಿದ ಹಾಗೆ ಆಗುವುದಿಲ್ಲ. ಸಾಲ ಎಷ್ಟು, ತೆರಿಗೆ ಎಷ್ಟು, ಯಾವ ಆಸ್ತಿ ಮಾರುತ್ತೀರಿ, ಯಾವ ಸೇವೆ ಖಾಸಗಿಗೆ ಕೊಡುತ್ತೀರಿ ಎಂಬ ದೊಡ್ಡ ಪ್ರಶ್ನೆಗಳೇ ನಮ್ಮ ಮುಂದೆ ಬರಬೇಕು.

ಯಾರನ್ನು ಕೇಳುತ್ತಿದ್ದೀರಿ ಎಂದು ಕೂಡ ಸ್ವಲ್ಪ ನೋಡಿ. ಕೆಲಸದ ದಿನ ಮಧ್ಯಾಹ್ನ ಸಭೆ ಕರೆದರೆ ದಿನಗೂಲಿಯವರು, ರಾತ್ರಿ ಪಾಳಿ ಮುಗಿಸಿ ಮಲಗಿದವರು, ಚಿಕ್ಕ ಮಕ್ಕಳ ತಾಯಂದಿರು ಬರಲು ಆಗುವುದಿಲ್ಲ. ಮೆಟ್ಟಿಲು ಮಾತ್ರ ಇರುವ ಸಭಾಂಗಣಕ್ಕೆ ಗಾಲಿಕುರ್ಚಿಯವರು ಬರುವುದು ಹೇಗೆ? ಆನ್‌ಲೈನ್ ಫಾರಂ ಒಂದೇ ಇಟ್ಟರೆ ಫೋನ್ ಸರಿಯಾಗಿ ಬಳಸಲು ಬಾರದವರು ಹೊರಗೆ ಉಳಿಯುತ್ತಾರೆ. ಬಾಡಿಗೆದಾರರಿಗೆ ತೆರಿಗೆ ನೋಟಿಸ್ ಬರುವುದಿಲ್ಲ, ಆದರೆ ಏರಿದ ತೆರಿಗೆ ಬಾಡಿಗೆಯ ಒಳಗೆ ಸೇರಿ ಅವರಿಗೇ ತಟ್ಟುತ್ತದೆ. ಬಂದ ಉತ್ತರಗಳನ್ನು ವಾರ್ಡ್, ವಯಸ್ಸು, ಸ್ವಂತ ಮನೆ, ಬಾಡಿಗೆ ಎಂದು ವಿಂಗಡಿಸಿ ನೋಡಿದರೆ ಯಾರು ಬಿಟ್ಟುಹೋಗಿದ್ದಾರೆ ಎಂದು ತಾನೇ ಗೊತ್ತಾಗುತ್ತದೆ. ಬಿಟ್ಟುಹೋದವರು ಇರುವ ಕಡೆಗೆ ನೀವೇ ಹೋಗಿ ಕೇಳಿ.

ಮಕ್ಕಳನ್ನೂ ಕೇಳಿ. ಇಪ್ಪತ್ತು ವರ್ಷದ ಯೋಜನೆಯನ್ನು ಅತಿ ಹೆಚ್ಚು ಕಾಲ ಅನುಭವಿಸುವವರು ಅವರೇ. ಅಮೆರಿಕದ ಬಾಸ್ಟನ್ ನಗರ 2014ರಲ್ಲಿ 10 ಲಕ್ಷ ಡಾಲರ್ ಎತ್ತಿಟ್ಟು, ಅದನ್ನು ಯಾವುದಕ್ಕೆ ಬಳಸಬೇಕು ಎಂದು 12ರಿಂದ 25 ವರ್ಷದವರಿಗೆ ಮತ ಹಾಕಲು ಬಿಟ್ಟಿತು. ಮೊತ್ತ ಸಣ್ಣದು. ಆದರೂ ಮತದಾನದ ವಯಸ್ಸು ಬಾರದವರ ಮಾತಿಗೂ ನಗರದ ಲೆಕ್ಕದಲ್ಲಿ ಜಾಗ ಸಿಕ್ಕಿತು.

ಕೊನೆಯದಾಗಿ ಉತ್ತರದ ವಿಷಯ. ಜನ ಕಷ್ಟಪಟ್ಟು ಬರೆದು ಕಳಿಸುತ್ತಾರೆ. ಆಮೇಲೆ ಏನೂ ಗೊತ್ತಾಗುವುದಿಲ್ಲ. "ಬಂದ ಅಭಿಪ್ರಾಯಗಳನ್ನು ಪರಿಗಣಿಸಲಾಗಿದೆ" ಎಂಬ ಒಂದು ವಾಕ್ಯದಲ್ಲಿ ಎಲ್ಲ ಮುಗಿದುಹೋಗುತ್ತದೆ. ಸುಮ್ನೆ ಹಾಗೆ ಬರೆಯಬೇಡಿ. ಬಂದ ಪತ್ರಗಳನ್ನೆಲ್ಲ, ಬರೆದವರ ಖಾಸಗಿ ವಿವರ ತೆಗೆದು, ಪ್ರಕಟಿಸಿ. ಪ್ರತಿ ಮುಖ್ಯ ಸಲಹೆಯ ಎದುರು ನೀವು ಏನು ಮಾಡಿದಿರಿ ಎಂದು ಬರೆಯಿರಿ. ಒಪ್ಪಿಲ್ಲ ಎಂದರೆ ಕಾರಣ ಬರೆಯಿರಿ. ನಮ್ಮ ಮಾತೇ ನಡೆಯಬೇಕು ಎಂಬ ಹಟ ನಮಗಿಲ್ಲ. ಒಂದೇ ಒಕ್ಕಣೆಯ ಸಾವಿರ ಪತ್ರ ಬಂದರೂ ಅದು ತಪ್ಪಾಗಿರಬಹುದು, ಒಬ್ಬರೇ ಬರೆದ ಒಂದು ಪತ್ರದಲ್ಲಿ ನೀವು ಗಮನಿಸದ ಅಂಶ ಇರಬಹುದು. ತೂಗಿ ನೋಡುವ ಹೊಣೆ ನಿಮ್ಮದು, ಅದಕ್ಕೇ ನಿಮ್ಮನ್ನು ಆರಿಸಿ ಕಳಿಸಿದ್ದೇವೆ. ತೂಗಿದ್ದು ನಮಗೆ ಕಾಣಬೇಕು ಎಂದಷ್ಟೇ ಕೇಳುತ್ತೇವೆ. "ನೀರಿನ ಪೈಪಿಗೆ ಹಣ ಬೇಕಾದ್ದರಿಂದ ನಿಮ್ಮ ಬಡಾವಣೆಯ ಸಮುದಾಯ ಭವನವನ್ನು ನಾಲ್ಕು ವರ್ಷ ಮುಂದೆ ಹಾಕಿದ್ದೇವೆ" ಎಂದು ನೇರವಾಗಿ ಹೇಳಿದರೆ ಬೇಸರ ಆಗಬಹುದು. ಆದರೂ ಮುಂದಿನ ಸಲ ಆ ಬಡಾವಣೆಯವರು ಮತ್ತೆ ಬರೆಯುತ್ತಾರೆ.

ಮುಂದಿನ ಯೋಜನೆಗೆ ಅಂಕಿಗಳನ್ನು ತುಂಬಲು ಕೂರುವ ಮುಂಚೆ ಒಂದು ಕೆಲಸ ಮಾಡಿ. ಯಾವ ಯಾವ ದೊಡ್ಡ ವಿಷಯ ಇನ್ನೂ ತೀರ್ಮಾನ ಆಗಿಲ್ಲ ಎಂದು ಪಟ್ಟಿ ಮಾಡಿ ಪ್ರಕಟಿಸಿ. ಎರಡು ಪುಟ ಸಾಕು. ಆಗಲೇ ತೀರ್ಮಾನ ಆಗಿಹೋದವು ಯಾವುವು, ಅವನ್ನು ಯಾಕೆ ಬದಲಾಯಿಸಲು ಆಗುವುದಿಲ್ಲ ಎಂದೂ ಅದರಲ್ಲೇ ತಿಳಿಸಿ. ಓದಲು ಎರಡು ತಿಂಗಳು ಕೊಡಿ. ನಿಮ್ಮ ಉತ್ತರ ಯಾವ ದಿನ ಬರುತ್ತದೆ ಎಂದು ಅದರ ಕೆಳಗೆ ದಿನಾಂಕ ಹಾಕಿ.

ಇಂತಿ,
ನಗರದ ಒಬ್ಬ ನಿವಾಸಿ ಮತ್ತು ತೆರಿಗೆದಾರ